ಕತ್ತರಿ ಬಿದ್ದ ಹಾಸು

ಸೋಮವಾರ ಬೆಳಿಗ್ಗೆ ಬಸ್ಸಿಳಿದು ಕೊಳ್ಳೇಗಾಲದ ನೇಯ್ಗೆ ಶಾಲೆಗೆ ಹೋದಾಗ ನನ್ನ ಮಗ್ಗದ ಮೇಲೆ ಬೇರೆ ನೂಲಿನ ಹಾಸು ಏರಿತ್ತು. ಕೆಂಪು ರೇಷ್ಮೆ, ಜರಿಯ ಹಂಸದ ಅಂಚು. ನನ್ನದು ಮೂಲೆಯಲ್ಲಿತ್ತು. ನೇಯ್ದಷ್ಟನ್ನು ಕತ್ತರಿಸಿ ಮಡಿಸಿಟ್ಟಿದ್ದರು. ಇನ್ನೂ ನೇಯಬೇಕಿದ್ದ ಎಳೆಗಳೆಲ್ಲ ಗೋಣಿಚೀಲದೊಳಗೆ ಗೋಜಲಾಗಿ ಬಿದ್ದಿದ್ದವು.

ಅದು ೧೯೬೯. ಡಿಪ್ಲೊಮಾ ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು.

ಆ ಹಾಸಿನ ಹಿಂದೆ ನನ್ನ ಎರಡು ತಿಂಗಳಿತ್ತು. ಶಾಲೆಯ ಬೀರುವಿನಲ್ಲಿ ತೆಲುಗು ಸೀಮೆಯ ಹಳೇ ಬಟ್ಟೆಯ ತುಂಡೊಂದಿತ್ತು. ಬಿಚ್ಚಿ ನೋಡಿದರೆ ಒಂದೇ ಎಳೆಯಲ್ಲಿ ಒಂದಷ್ಟು ದೂರ ಕಪ್ಪು, ಒಂದಷ್ಟು ದೂರ ಬಿಳಿ. ಅಂದರೆ ನೇಯುವ ಮೊದಲೇ ನೂಲಿನಲ್ಲಿ ಚಿತ್ತಾರ ಇಳಿಸಿದ್ದರು. ನಮ್ಮಲ್ಲಿ ಅದನ್ನು ಹೇಳಿಕೊಡುವವರು ಒಬ್ಬರೂ ಇರಲಿಲ್ಲ. ನೂಲಿನ ಕಂತೆಗಳನ್ನು ಅಲ್ಲಲ್ಲಿ ಬಾಳೆನಾರಿನಿಂದ ಬಿಗಿದು, ಬಣ್ಣದಲ್ಲಿ ಅದ್ದಿ, ಬಿಚ್ಚಿ ನಾನೇ ಕಲಿತೆ. ಮೂರು ಸಲ ಕೆಟ್ಟಿತು. ಕಪ್ಪು ನಿಲ್ಲುತ್ತಲೇ ಇರಲಿಲ್ಲ.

ಹನೂರು ಕಡೆಯ ಶಾಗ್ಯದಿಂದ ಶಾಲೆಗೆ ಅಳಲೆಕಾಯಿ ತರುತ್ತಿದ್ದ ರಾಚಮ್ಮ ದಾರಿ ತೋರಿಸಿದಳು. "ತುಕ್ಕಿಡಿದ ಎತ್ತಿನ ಲಾಳ ತಕಂಡು ಬೆಲ್ಲದ ನೀರ್ಗೆ ಆಕವ್ವ. ಇಪ್ಪತ್ ದಿನ ಕೊಳೀಲಿ. ನೂಲ್ನ ಮೊದ್ಲು ಅಳಲೆಕಾಯಿ ರಸದಲ್ಲಿ ಅದ್ದಿ, ಆಮೇಲೆ ಅದ್ರೊಳಕ್ಕೆ ಬುಡು."

ಆ ಮಡಕೆಯ ನಾತಕ್ಕೆ ಶಾಲೆಯೆಲ್ಲ ಮೂಗು ಮುಚ್ಚಿಕೊಂಡಿತು. ಆದರೆ ಕಪ್ಪು ಕೂತಿತು. ಮಗ್ಗಕ್ಕೇರಿಸಿದಾಗ ಕಪ್ಪು ಬಿಳಿ ಕೂಡುವ ಕಡೆಯೆಲ್ಲ ನೀರಲ್ಲಿ ಕಂಡ ನೆರಳಿನಂತೆ ಚಿತ್ತಾರ ನಡುಗುತ್ತಿತ್ತು.

ಮಾಸ್ತರು ರುದ್ರಸ್ವಾಮಿ ವರಾಂಡದಲ್ಲಿ ಸಿಕ್ಕರು. "ಯಾರು ಸಾ ಕತ್ತರಿಸಿದ್ದು?" ಎಂದೆ.

"ನಾನೇ. ಗುರುವಾರ ದೊಡ್ಡ ಆಫೀಸರು ಬರ್ತಾರೆ. ಎಲ್ಲ ಮಗ್ಗದಲ್ಲೂ ಹಂಸದಂಚು ಇರಬೇಕು. ನಿನ್ನದು ನೋಡಿದರೆ ಬಣ್ಣ ಕದಡಿದ ಹಾಗಿದೆ."

"ಕದಡಿಲ್ಲ ಸಾ, ಅದರ ಗುಣವೇ ಅದು. ಒಂದು ಮಾತು ಕೇಳಬಹುದಿತ್ತಲ್ಲ?"

"ಒಕ್ಕಲಿನ ಮನೆ ಹುಡುಗಿ ಮಗ್ಗಕ್ಕೆ ಕೂತದ್ದೇ ಹೆಚ್ಚು, ಶಿವರತ್ನ. ಹೋಗಿ ಹಂಸ ನೇಯಿ, ಪಾಸಾಗ್ತೀಯ."

ಒಳಗೆ ಹೋದೆ. ಪಕ್ಕದ ಮಗ್ಗದ ಚಿನ್ನಸ್ವಾಮಿ ತಲೆ ಎತ್ತಲೇ ಇಲ್ಲ. ಕತ್ತರಿಸುವಾಗ ಅವನು ಅಲ್ಲೇ ಇದ್ದನೆಂದು ನನಗೆ ಆಗಲೇ ಗೊತ್ತಾಯಿತು. ನಾನು ಹಂಸ ನೇಯಲಿಲ್ಲ. ಗುರುವಾರ ಆಫೀಸರು ಬಂದರು, ಕಾಫಿ ಕುಡಿದರು, ಮಗ್ಗಗಳ ಕಡೆ ಒಂದು ಸಲ ಕಣ್ಣಾಡಿಸಿ ಹೋದರು. ಅಷ್ಟಕ್ಕೆ ನನ್ನ ಎರಡು ತಿಂಗಳು ಹೋಗಿತ್ತು!

ನಮ್ಮೂರು ಮಾಂಬಳ್ಳಿಗೆ ಹೋಗಿ, ನಾನು ನೇಯ್ದಿದ್ದ ತುಂಡನ್ನು ಅಪ್ಪನ ಮುಂದೆ ಹಾಸಿದೆ. ಬುಟ್ಬುಡು, ಮನೇಲಿರು ಅನ್ನುತ್ತಾನೆಂದು ಹೆದರಿದ್ದೆ. ಅಪ್ಪ, ಪುಟ್ಟಮಲ್ಲಪ್ಪ, ಕತ್ತರಿಸಿದ ತುದಿಯನ್ನು ಬೆರಳಲ್ಲಿ ಸವರಿದ. "ಆಲು ತುಂಬೋ ಪೈರ ಕುಯ್ದವ್ರಲ್ಲ ಮಗ! ನನ್ ಗದ್ದೇಲಿ ಯಾರಾದ್ರೂ ಇಂಗ್ ಮಾಡಿದ್ರೆ ಸುಮ್ನಿರ್ತಿದ್ನಾ? ನೀನೂ ಸುಮ್ನಿರಬ್ಯಾಡ. ಓಗು, ಇದ್ನೇ ತಕಂಡೋಗಿ ಮಡಗು."

ಪರೀಕ್ಷೆಗೆ ಅದನ್ನೇ ಇಟ್ಟೆ. ಪರೀಕ್ಷಕರು ಮೈಸೂರಿನಿಂದ ಬಂದ ವಯಸ್ಸಾದ ಗಂಡಸು, ಸದಾಶಿವಪ್ಪ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಅರ್ಧಕ್ಕೆ ಯಾಕೆ ನಿಂತಿದೆ?"

"ಮುಗಿಸಲಾಗಲಿಲ್ಲ ಸಾರ್ ಈ ಹುಡುಗಿಗೆ," ಎಂದರು ರುದ್ರಸ್ವಾಮಿ.

"ಸುಳ್ಳು!" ನನ್ನ ದನಿ ಕೊಠಡಿಯ ಆಚೆ ಗೋಡೆಗೆ ಬಡಿಯಿತು. "ಮಾಸ್ತರೇ ಕತ್ತರಿಸಿದರು. ನನ್ನನ್ನ ಕೇಳಲಿಲ್ಲ."

"ನೋಡಿ ಸಾರ್, ಎಂಥಾ ಬಾಯಿ."

ಚಿನ್ನಸ್ವಾಮಿ ಎದ್ದು ನಿಂತ. ಮುಖ ಬೆವೆತಿತ್ತು. "ಕತ್ತರಿ ತಂದ್ಕೊಟ್ಟಿದ್ದು ನಾನೇ ಸಾ. ಅವ್ಳು ಏಳ್ತಿರದು ದಿಟ."

ಸದಾಶಿವಪ್ಪನವರು ಕನ್ನಡಕ ತೆಗೆದರು. ಬಣ್ಣ ಹೇಗೆ ಮಾಡಿದೆ, ಹೇಗೆ ಬಿಗಿದೆ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ, "ಕೆಲಸ ಚೆನ್ನಾಗಿದೆಯಮ್ಮ. ಆದರೆ ನಿಯಮದ ಪ್ರಕಾರ ಐದು ಗಜ ಇರಬೇಕು. ನಾನು ಪಾಸು ಮಾಡೋ ಹಾಗಿಲ್ಲ," ಎಂದರು.

ತಪ್ಪು ಅವರದು, ಫೇಲು ನಾನು! ಅಳು ಬರಲಿಲ್ಲ, ಮೈ ಉರಿಯಿತು. "ಸರಿ ಸಾ. ಫೇಲು ಅಂತ ಬರೀರಿ. ಉದ್ದ ಯಾಕೆ ಸಾಲದಾಯ್ತು ಅನ್ನೋದನ್ನೂ ಅದರ ಪಕ್ಕದಲ್ಲೇ ಬರೀರಿ. ಬರೆಯೋ ತನಕ ನಾನು ಇಲ್ಲಿಂದ ಕದಲಲ್ಲ."

ಅವರು ಪೆನ್ನು ಹಿಡಿದು ಹಿಂದುಮುಂದು ನೋಡಿದರು. ಆಮೇಲೆ ಬರೆದರು: 'ಬೋಧಕರು ಹಾಸನ್ನು ಕತ್ತರಿಸಿದ್ದರಿಂದ.' ರುದ್ರಸ್ವಾಮಿ ಅದನ್ನು ಓದಿ ಹೊರಗೆ ನಡೆದರು.

ಮತ್ತೆ ನಾರು ಸೀಳಿದೆ, ಮತ್ತೆ ಮಡಕೆ ಕೊಳೆಸಿದೆ. ನೂಲು ಬಿಗಿಯಲು ಚಿನ್ನಸ್ವಾಮಿ ದಿನಾ ಬಂದು ಕೂರುತ್ತಿದ್ದ. ನಾನು ಒಂದು ವಾರ ಅವನ ಜೊತೆ ಮಾತಾಡಲಿಲ್ಲ, ಆಮೇಲೆ ಆಡಿದೆ. ಸೆಪ್ಟೆಂಬರಿನ ಮರುಪರೀಕ್ಷೆಗೆ ಐದು ಗಜ ಇಟ್ಟು ಪಾಸಾದೆ.

ಮಾರನೇ ವರ್ಷ ರುದ್ರಸ್ವಾಮಿ ಹೇಳಿಕಳಿಸಿದರು: ಹೊಸ ಮಕ್ಕಳಿಗೆ ಆ ಬಿಗಿಯುವ ಕೆಲಸ ಕಲಿಸಬೇಕಂತೆ, ಮೇಲಿನಿಂದ ಆರ್ಡರು ಬಂದಿದೆಯಂತೆ. ಹೋದೆ.

"ಕಲಿಸ್ತೀನಿ ಸಾ. ಅವತ್ತು ಮಾಡಿದ್ದು ತಪ್ಪು ಅಂತ ಮೊದಲು ಈ ಮಕ್ಕಳ ಎದುರಿಗೆ ಹೇಳಿ."

"ಆಗಿಹೋದದ್ದನ್ನ ಯಾಕೆ ಕೆದಕ್ತೀಯಮ್ಮ?"

ಅವರು ಹೇಳಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹನೂರಿನ ಬಸ್ಸು ಹತ್ತಿದೆ. ಶಾಗ್ಯದಲ್ಲಿ ರಾಚಮ್ಮನ ಹಟ್ಟಿಯ ಮುಂದೆ ನಾಲ್ಕು ಹೆಣ್ಣುಮಕ್ಕಳು ನನ್ನಿಂದ ಕಲಿಯಲು ಬಾಳೆನಾರು ನೆನೆಸಿಟ್ಟುಕೊಂಡು ಕಾಯುತ್ತಿದ್ದರು.