ಆರಿಸಬೇಡಿ ಅಂತ ಬರೆದಿತ್ತು

ನಾನು ಮಾಡುವುದೂ ಒಂದು ಕೆಲಸ ಅಂತ ನಮ್ಮ ಮನೆಯವರನ್ನು ಒಪ್ಪಿಸಲು ಆರು ವರ್ಷ ಸಾಕಾಗಲಿಲ್ಲ. ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಲ್ಯಾಪ್‌ಟಾಪಿನ ಮುಂದೆ ಕೂತು ಕೈ ಆಡಿಸುವ ಸೊಸೆಯನ್ನು ಕಂಡರೆ ಮಾವನಿಗೆ ಅದು ಹೊತ್ತು ಕಳೆಯುವ ಆಟ. ನಾನು ಕಿವಿ ಕೇಳದವರ ಮತ್ತು ಡಾಕ್ಟರರ ನಡುವೆ ಮಾತು ದಾಟಿಸುವವಳು. ಆಸ್ಪತ್ರೆಯಲ್ಲಿ ನರ್ಸ್ ಒಂದು ಟ್ಯಾಬ್ ಹಿಡಿದು ನಿಲ್ಲುತ್ತಾರೆ, ಅದರ ಪರದೆಯಲ್ಲಿ ನಾನಿರುತ್ತೇನೆ. ಡಾಕ್ಟರು ಹೇಳಿದ್ದನ್ನು ಸನ್ನೆಯಲ್ಲಿ ಹೇಳುತ್ತೇನೆ, ರೋಗಿ ಸನ್ನೆಯಲ್ಲಿ ಹೇಳಿದ್ದನ್ನು ಬಾಯಲ್ಲಿ ಹೇಳುತ್ತೇನೆ. ನನ್ನ ಅಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ, ಹಾಗಾಗಿ ತೊದಲು ಮಾತಿಗಿಂತ ಮೊದಲೇ ನನಗೆ ಸನ್ನೆ ಬಂದಿತ್ತು.

ಈ ಕೆಲಸಕ್ಕೆ ಯಾರೂ ಇಣುಕದ ಕೋಣೆ ಬೇಕು, ಕಡಿಯದ ವೈಫೈ ಬೇಕು. ನಮ್ಮ ಮನೆಯಲ್ಲಿ ಕೋಣೆ ಹಿಂದಿದೆ, ರೌಟರ್ ಮುಂದೆ ಹಾಲಿನಲ್ಲಿ, ವೈಫೈಯಲ್ಲೇ ಓಡುವ ಟಿವಿಯ ಪಕ್ಕ ಕೂತಿದೆ. ನಡುವಿನ ಎರಡು ದಪ್ಪ ಗೋಡೆ ದಾಟಿ ಬರುವಷ್ಟರಲ್ಲಿ ಉಳಿಯುವುದು ಒಂದೇ ಕಡ್ಡಿ. ಫೋನಿನ ಸಿಗ್ನಲ್ಲೂ ಅಷ್ಟಕ್ಕಷ್ಟೆ. ಬಾಯಲ್ಲಿ ಮಾತಾಡುವವರಿಗೆ ಚಿತ್ರ ನಿಂತರೂ ದನಿಯಾದರೂ ಬರುತ್ತದೆ, ಕೈಯಲ್ಲಿ ಮಾತಾಡುವವರಿಗೆ ಚಿತ್ರ ನಿಂತರೆ ಮಾತೇ ನಿಂತಂತೆ. ಒಂದೇ ತಿಂಗಳಲ್ಲಿ ಎರಡು ಸಲ ಹಾಗಾಯಿತು. ಮೂರನೇ ಸಲ ಆದರೆ ಆಸ್ಪತ್ರೆ ಕರೆಗಳಿಂದ ನಿಮ್ಮನ್ನು ತೆಗೆಯುತ್ತೇವೆ ಅಂತ ನನಗೆ ಕರೆಗಳನ್ನು ಒಪ್ಪಿಸುವ ಸಂಸ್ಥೆಯವರು ಬರೆದರು.

ಹಾಲಿಗೇ ಬಂದು ಕೂತುಕೋ ಅಂತ ಎಲ್ಲರದೂ ಒಂದೇ ರಾಗ. ಯಾರದೋ ಗರ್ಭದ ವಿಷಯ, ಯಾರದೋ ಗಡ್ಡೆಯ ವಿಷಯ. ಅದನ್ನು ಅತ್ತೆಯ ಧಾರಾವಾಹಿಯ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಹೇಳಬೇಕಂತೆ! ಹಾಗಾದರೆ ರೌಟರನ್ನೇ ಹಿಂದಕ್ಕೆ ಸರಿಸೋಣ ಅಂದೆ. ಟಿವಿ ನೋಡುವವರು ಏನು ಮಾಡಬೇಕು ಅಂತ ಮಾವ ಪೇಪರಿನಿಂದ ಮುಖ ಎತ್ತದೆ ಕೇಳಿದರು. ನನ್ನ ಗಂಡ ಇಬ್ಬರಿಗೂ ಬೇಜಾರಾಗದಂತೆ ಸ್ನಾನಕ್ಕೆ ಹೋದ.

ಅಟ್ಟದ ಮೇಲೆ ಹಳೆ ರೌಟರ್ ಒಂದು ಬಿದ್ದಿತ್ತು. ಅದನ್ನು ಇಳಿಸಿ ಒರೆಸುತ್ತಿದ್ದಾಗ, ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಮೈದುನ, ಅಂದರೆ ನಮ್ಮ ಮನೆಯ ಮಹಾಪಂಡಿತ, ಅದು ಗುಜರಿಗೆ ಹೋಗಬೇಕಾದ ಸಾಮಾನು ಅತ್ತಿಗೆ ಅಂತ ನಕ್ಕ. ನಾನು ಅವನನ್ನು ಕೇಳಿರಲಿಲ್ಲ. ಪಿನ್ನಿನಿಂದ ಹಿಂದಿನ ಸಣ್ಣ ತೂತನ್ನು ಒತ್ತಿ ಹಿಡಿದು ಅದರ ಹಳೆಯ ನೆನಪೆಲ್ಲ ಅಳಿಸಿದೆ. ಹಾಲಿನ ರೌಟರಿಂದ ಗೋಡೆಯ ಅಂಚಿಗೆ ಕೇಬಲ್ ಎಳೆದು, ಕ್ಲಿಪ್ ಹೊಡೆದು, ಇದಕ್ಕೆ ಸಿಕ್ಕಿಸಿದೆ. ಸಿಕ್ಕಿಸಿದ್ದೇ ತಡ, ಇಡೀ ಮನೆಯ ವೈಫೈ ಸತ್ತಿತು. ತಪ್ಪು ನನ್ನದೇ. ಎರಡು ಪೆಟ್ಟಿಗೆಗೂ ಒಂದೇ ವಿಳಾಸವಿತ್ತು, ಎರಡೂ ತಾನೇ ಯಜಮಾನ ಅಂತ ಮನೆಯ ಫೋನುಗಳಿಗೆಲ್ಲ ನಂಬರ್ ಹಂಚಲು ಹೊರಟಿದ್ದವು. ಹಳೆಯದರ ವಿಳಾಸ ಬದಲಿಸಿ, ನಂಬರ್ ಹಂಚುವ ಅಧಿಕಾರ ಕಿತ್ತುಕೊಂಡು, ಹಾಲಿನದರ ಹೆಸರನ್ನೂ ಪಾಸ್‌ವರ್ಡನ್ನೂ ಇದಕ್ಕೂ ಕೊಟ್ಟೆ. ಹಿಂದಿನ ಕೋಣೆಯಲ್ಲಿ ಕಡ್ಡಿಗಳೆಲ್ಲ ತುಂಬಿ ನಿಂತವು. ಧಾರಾವಾಹಿ ಒಂದು ಗಂಟೆ ನಿಂತದ್ದನ್ನು ಮನೆಯವರು ವಾರವಿಡೀ ಆಡಿಕೊಂಡರು, ಆಮೇಲೆ ಎಲ್ಲ ಸರಿಹೋದದ್ದನ್ನು ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಕೇಬಲ್ ನನ್ನ ಕೋಣೆಯವರೆಗೆ ಸಾಲದೆ ಪ್ಯಾಸೇಜಿನ ಶೆಲ್ಫಿಗೇ ನಿಂತಿತ್ತು. ಅದರ ಪ್ಲಗ್ಗೂ ಪ್ಯಾಸೇಜಿನ ಸ್ವಿಚ್‌ಬೋರ್ಡಿನಲ್ಲೇ. ಅದಕ್ಕೇ ಸ್ವಿಚ್ಚಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದೆ: "ಆರಿಸಬೇಡಿ. ಒಳಗೆ ಕೆಲಸ ನಡೆಯುತ್ತಿದೆ." ಹದಿನೈದು ದಿನ ಒಂದು ಕರೆಯೂ ಕಡಿಯಲಿಲ್ಲ. ಆ ಹದಿನೈದು ದಿನ ಮಾವ ಮಗಳ ಮನೆಗೆ ಹೋಗಿದ್ದರು ಅನ್ನುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಾವ ಮೂವತ್ತು ವರ್ಷ ಕರೆಂಟಿನವರ ಹತ್ತಿರ ಲೈನ್‌ಮನ್ ಆಗಿದ್ದವರು. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಮನೆಯೆಲ್ಲ ಒಂದು ಸುತ್ತು ಹಾಕಿ, ಜನರಿಲ್ಲದ ಕಡೆ ಉರಿಯುವ ದೀಪ, ತಿರುಗುವ ಫ್ಯಾನು, ಚಾರ್ಜರು ಎಲ್ಲವನ್ನೂ ಆರಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಅವರು ಬಂದ ಮರುದಿನ ಹನ್ನೊಂದಕ್ಕೆ ನಾನು ಕರೆಯಲ್ಲಿದ್ದೆ.

ಆ ಕಡೆ ಇದ್ದದ್ದು ಹೊಲಿಗೆ ಕೆಲಸದ ಹೆಂಗಸು, ಒಂದು ಕಣ್ಣಿನ ಆಪರೇಷನ್‌ಗೆ ಬಂದವರು. ವಾರದೊಳಗೆ ಆಗದಿದ್ದರೆ ಆ ಕಣ್ಣು ಹೋದಂತೆಯೇ ಅಂತ ಡಾಕ್ಟರು ಹೇಳಿದ್ದರು. ಆಪರೇಷನ್ ಒಂದೇ ಕಣ್ಣಿಗೆ, ಆದರೆ ಅದು ಅಲುಗಾಡಬಾರದು ಅಂತ ಎರಡಕ್ಕೂ ಪಟ್ಟಿ ಕಟ್ಟುತ್ತೇವೆ, ಒಂದು ರಾತ್ರಿ ಮಾತ್ರ, ಬೆಳಿಗ್ಗೆ ಬಿಚ್ಚುತ್ತೇವೆ ಅಂದರು. ಕಣ್ಣಿಂದಲೇ ಕೇಳುವವರಿಗೆ ಇದು ಸಣ್ಣ ಮಾತಲ್ಲ. ನಿಧಾನವಾಗಿ ಶುರುಮಾಡಿದೆ. ನಿಮ್ಮ ಎರಡೂ ಕಣ್ಣು ಮುಚ್ಚುತ್ತಾರೆ, ನಿಮಗೆ ಏನೂ ಕಾಣಿಸುವುದಿಲ್ಲ, ಅಂತ ಕೈ ಹೇಳಿ ಮುಗಿಸಿತ್ತು. ಒಂದು ರಾತ್ರಿ ಮಾತ್ರ ಅಂತ ಹೇಳಲು ಬೆರಳು ಎತ್ತುವಷ್ಟರಲ್ಲಿ ಪರದೆ ಸ್ತಬ್ಧವಾಯಿತು.

ಲ್ಯಾಪ್‌ಟಾಪ್ ಎತ್ತಿಕೊಂಡು ಬಾಗಿಲು ತೆಗೆದು ಓಡಿದೆ. ಪ್ಯಾಸೇಜಿನಲ್ಲಿ ರೌಟರಿನ ದೀಪಗಳು ಆರಿದ್ದವು. ಮಾವ ಬಚ್ಚಲಿನ ಸ್ವಿಚ್ಚಿನ ಕಡೆ ಹೊರಟಿದ್ದರು. ಸ್ವಿಚ್ ಹಾಕಿ ರೌಟರ್ ಮತ್ತೆ ಏಳುವವರೆಗೆ ಕಾಯುವ ಹಾಗಿರಲಿಲ್ಲ, ಜಗಳಕ್ಕೂ ಪುರುಸೊತ್ತಿರಲಿಲ್ಲ. ಹಾಲಿಗೆ ನುಗ್ಗಿ, ಟಿವಿ ಆರಿಸಿ, ಅತ್ತೆಯನ್ನು ರಿಮೋಟಿನ ಸಮೇತ ಹೊರಗೆ ಕಳಿಸಿ, ಮತ್ತೆ ಕರೆ ಹಚ್ಚುವಷ್ಟರಲ್ಲಿ ಐದು ನಿಮಿಷ ಹೋಯಿತು. ಆ ಹೆಂಗಸು ಮಣಿಕಟ್ಟಿಗೆ ಕಟ್ಟಿದ್ದ ಆಸ್ಪತ್ರೆಯ ಹೆಸರಿನ ಪಟ್ಟಿ ಕಿತ್ತೆಸೆದು ಮೆಟ್ಟಿಲಿಳಿದು ಹೋಗಿದ್ದರು. ನರ್ಸ್ ಟ್ಯಾಬ್ ಹಿಡಿದು ಗೇಟಿನವರೆಗೆ ಓಡಿ ಅವರ ಮುಖಕ್ಕೆ ಹಿಡಿದರು. ನನ್ನನ್ನು ನೋಡಿದ್ದೇ ಅವರು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನ ಮುಂದೆ ನಾನು ಎಷ್ಟು ಕೈ ಆಡಿಸಿ ಏನು ಬಂತು? ಅವರು ಹಾಗೇ ತಿರುಗಿ ಹೊರಟುಹೋದರು.

ನನಗೆ ಅಡಿಯಿಂದ ಮುಡಿಯವರೆಗೆ ಉರಿಯುತ್ತಿತ್ತು. ಮಾವ ಕುರ್ಚಿಯಲ್ಲಿ ಕೂತಿದ್ದರು.

"ಅಲ್ಲಿ ಯಾರೂ ಇರಲಿಲ್ಲವಲ್ಲಮ್ಮ, ಸುಮ್ನೆ ಮಿಣಿಮಿಣಿ ಅಂತಿತ್ತು," ಅಂದರು.

"ನಾನು ಬಾಗಿಲ ಹಿಂದೆ ಇದ್ದೆ, ಮಾವ. ಚೀಟಿ ಅಂಟಿಸಿದ್ದೆ."

"ಚೀಟಿ ಯಾರು ಬೇಕಾದ್ರೂ ಅಂಟಿಸ್ತಾರೆ."

ಆರು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದವಳಲ್ಲ. ಅವತ್ತು ತಡೆಯಲಾಗಲಿಲ್ಲ.

"ನೀವು ಕಂಬದ ಮೇಲೆ ಕೆಲಸ ಮಾಡ್ತಿದ್ದಾಗ ಕೆಳಗೆ ಸ್ವಿಚ್ಚಿಗೆ 'ಹಾಕಬೇಡಿ, ಮೇಲೆ ಜನ ಇದ್ದಾರೆ' ಅಂತ ಬೋರ್ಡ್ ನೇತುಹಾಕ್ತಿದ್ರಲ್ಲ, ಅದನ್ನ ನೋಡಿ ಯಾರಾದ್ರೂ ಹೀಗೇ ಅಂದ್ಕೊಂಡಿದ್ರೆ ನೀವು ಇವತ್ತು ಈ ಕುರ್ಚೀಲಿ ಇರ್ತಿದ್ರಾ?"

ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. ಆ ಕಡೆ ಇದ್ದವರು ಯಾರು ಅಂತ ಮಾವ ಕೇಳಿದರು. ಅದನ್ನು ಹೇಳುವ ಹಾಗಿಲ್ಲ ಅಂದೆ. ಅವರಿಗೆ ಏನಾದರೂ ಆಯಿತಾ ಅಂತ ಕೇಳಿದರು. ಇನ್ನೂ ಗೊತ್ತಿಲ್ಲ ಅಂದೆ. ಸಂಜೆ ಊಟಕ್ಕೆ ಕರೆದಾಗ ಹಸಿವಿಲ್ಲ ಅಂದರಂತೆ, ನನಗೇನೂ ಪಾಪ ಅನಿಸಲಿಲ್ಲ. ಅಷ್ಟರಲ್ಲಿ ಸಂಸ್ಥೆಯವರು ಎರಡು ಸಾಲಿನಲ್ಲಿ ನನ್ನನ್ನು ಆಸ್ಪತ್ರೆ ಕರೆಗಳಿಂದ ತೆಗೆದಿದ್ದರು.

ಮೂರನೇ ದಿನ ಅದೇ ಸಂಸ್ಥೆಯವರ ಫೋನು, ದನಿಯಲ್ಲಿ ಜೇನು ಸುರಿಯುತ್ತಿತ್ತು. ಆ ಹೆಂಗಸನ್ನು ಅವರ ಅಕ್ಕ ಒತ್ತಾಯದಿಂದ ಕರೆತಂದಿದ್ದಾರಂತೆ. ಪರದೆಯಲ್ಲಿ ಬೇರೆ ಯಾರನ್ನು ತೋರಿಸಿದರೂ, ಬರೆದು ತೋರಿಸಿದರೂ ಮುಖ ತಿರುಗಿಸುತ್ತಾರಂತೆ. ಮಾತು ಅರ್ಧಕ್ಕೆ ಬಿಟ್ಟು ಹೋದವಳನ್ನೇ ಕರೆಯಿರಿ ಅಂತ ಕಾಗದದ ಮೇಲೆ ಬರೆದುಕೊಟ್ಟಿದ್ದಾರಂತೆ. ಇದೊಂದು ಸಲ ದಯವಿಟ್ಟು ಬನ್ನಿ ಅಂದರು. ಮೊದಲು ನನ್ನನ್ನು ಕೆಲಸಕ್ಕೆ ವಾಪಸ್ ಸೇರಿಸಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಾಯುತ್ತಿರುವುದು ಆಕೆ, ಇವರಲ್ಲ, ಅಂತ ನುಂಗಿಕೊಂಡೆ.

ಕೋಣೆಗೆ ಹೋಗುವಾಗ ನೋಡಿದರೆ ಮಾವ ಕುರ್ಚಿ ತಂದು ಪ್ಯಾಸೇಜಿನ ಸ್ವಿಚ್‌ಬೋರ್ಡಿನ ಮುಂದೆ ಹಾಕಿಕೊಂಡು ಕೂತಿದ್ದರು. ತಪ್ಪಾಯಿತು ಅಂತ ಅವರು ಹೇಳಲಿಲ್ಲ, ನಾನೂ ನಿಲ್ಲಲಿಲ್ಲ.

ಪರದೆಯಲ್ಲಿ ಆ ಹೆಂಗಸು ಕೈಕಟ್ಟಿ ಕೂತಿದ್ದರು. ಕೈಕಟ್ಟಿ ಕೂರುವುದೆಂದರೆ ಅವರ ಲೆಕ್ಕದಲ್ಲಿ ಮಾತು ಬಿಟ್ಟಂತೆ. ಕೊನೆಗೆ ಕೈ ಬಿಚ್ಚಿ, ಅರ್ಧಕ್ಕೆ ಬಿಟ್ಟು ಎಲ್ಲಿ ಹೋಗಿದ್ದೆ ಅಂತ ಕೇಳಿದರು. ಸ್ವಿಚ್ಚು, ಚೀಟಿ, ಮಾವ, ಎಲ್ಲವನ್ನೂ ಹೇಳಿಬಿಡಬೇಕು ಅನಿಸಿತು. ಆದರೆ ಆಕೆಯ ಕಣ್ಣಿನ ಮುಂದೆ ನನ್ನ ಮನೆಯ ರಾಮಾಯಣ ಯಾಕೆ? ತಪ್ಪಾಯಿತು ಅಂದೆ. ಆಮೇಲೆ ನಿಧಾನವಾಗಿ ಹೇಳಿದೆ: ಒಂದು ರಾತ್ರಿ ಮಾತ್ರ, ಬೆಳಿಗ್ಗೆ ಬಿಚ್ಚುತ್ತಾರೆ.

ಮತ್ತೆ ಹೇಳು ಅಂದರು. ಮತ್ತೆ ಹೇಳಿದೆ. ನನ್ನ ಬೆರಳುಗಳನ್ನೇ ನೋಡುತ್ತಿದ್ದ ಆ ಕಣ್ಣುಗಳು ತುಂಬಿ ಬಂದವು, ಕೈಗಳು ಮಾತ್ರ ಸಿಟ್ಟಿನಿಂದ ಗಾಳಿಯನ್ನು ಹೊಡೆದವು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ, ಅವರೇ ಆಡಿದ ಹಾಗೆ ಬಾಯಲ್ಲಿ ಹೇಳುವುದು ನನ್ನ ಕೆಲಸ. ಡಾಕ್ಟರಿಗೆ ಕೇಳಿಸಲಿ ಅಂತ, ಬಾಗಿಲಾಚೆಗೂ ಕೇಳಿಸಲಿ ಅಂತ, ಗಟ್ಟಿಯಾಗಿಯೇ ಹೇಳಿದೆ.

"ಇಷ್ಟೇನಾ? ಇಷ್ಟು ಹೇಳೋಕೆ ಮೂರು ದಿನ ಬೇಕಾಯ್ತಾ ನಿಮಗೆ?"