ಗಾಜಿನ ಒಳಮೈ

ಕಾರು ಇಟ್ಟುಕೊಂಡವರಿಗೆಲ್ಲ ಒಂದು ಚಾಳಿ ಇರುತ್ತದೆ. ತಮ್ಮ ಕಾರಿನ ಬಾನೆಟ್ಟನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಕಿವಿಗೊಟ್ಟು ಕೇಳಿ, ‘ನೋಡಿ, ಎಷ್ಟು ಗಟ್ಟಿ’ ಅನ್ನುವುದು. ಪಕ್ಕದವರ ಕಾರನ್ನೂ ಹಾಗೇ ಬಡಿದು ‘ಡಬ್ಬ’ ಅನ್ನುವುದು. ಮೂವತ್ತೊಂದು ವರ್ಷದಿಂದ ಕಾರುಗಳಿಗೆ ಗಾಜು ಕೂರಿಸುತ್ತಿದ್ದೇನೆ. ಈ ಬಡಿತ ಕೇಳಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ತಗಡು ಬಡಿದರೆ ತಗಡಿನ ಸದ್ದೇ ಬರಬೇಕು, ಸಂಗೀತ ಬರುತ್ತದೆಯೆ?

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಕೆಲಸ ಗೊತ್ತು, ಬಾಯಿ ಮುಚ್ಚಿಕೊಂಡಿರುವುದು ಗೊತ್ತಿಲ್ಲ. ನನ್ನ ಹೆಂಡತಿ ಇದನ್ನು ಮದುವೆಯಾದ ವಾರದಲ್ಲೇ ಕಂಡುಹಿಡಿದಳು.

ಆ ಗುರುವಾರ ಮಧ್ಯಾಹ್ನ ಔಷಧಿ ಅಂಗಡಿಯವರು ತಮ್ಮ ಬಿಳಿ ಕಾರು ತಂದು ನನ್ನ ಶೆಡ್ಡಿನಲ್ಲಿ ನಿಲ್ಲಿಸಿದರು. ನಾನು ಬಿ.ಪಿ. ಮಾತ್ರೆ ಕೊಳ್ಳುವುದು ಅವರ ಅಂಗಡಿಯಲ್ಲೇ. ಐವತ್ತರ ಹತ್ತಿರದ, ದನಿ ಎತ್ತರಿಸಿ ಮಾತಾಡದ ಮನುಷ್ಯ. ಮುಂದಿನ ಗಾಜಿನಲ್ಲಿ, ಡ್ರೈವರ್ ಪಕ್ಕದ ಸೀಟಿನ ನೇರಕ್ಕೆ, ಅಂಗೈ ಅಗಲದ ಒಡಕು ನಕ್ಷತ್ರದ ಹಾಗೆ ಹರಡಿತ್ತು.

“ಲಾರಿ ಚಕ್ರದಿಂದ ಕಲ್ಲು ಸಿಡೀತು” ಅಂದರು.

ಮುಂದಿನ ಗಾಜು ಅಂದರೆ ಒಂದಲ್ಲ, ಎರಡು. ನಡುವೆ ಒಂದು ಪ್ಲಾಸ್ಟಿಕ್ ಪೊರೆ ಇಟ್ಟು ಎರಡನ್ನೂ ಅಂಟಿಸಿರುತ್ತಾರೆ. ಏಟು ಯಾವ ಕಡೆಯಿಂದ ಬಿತ್ತೋ ಆ ಕಡೆಯ ಮೈ ಸಣ್ಣಗೆ ಕಿತ್ತುಬಂದಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರಿಗೆ ತಿಳಿಯುತ್ತದೆ. ಹೊರಗಡೆ ಉಗುರು ಓಡಿಸಿದೆ. ನುಣ್ಣಗಿತ್ತು. ಬಾಗಿಲು ತೆಗೆದು ಒಳಗಡೆ ಓಡಿಸಿದೆ, ತಟ್ಟನೆ ಸಿಕ್ಕಿಕೊಂಡಿತು. ಕೆಳಗೆ ಡ್ಯಾಶ್‌ಬೋರ್ಡಿನ ಸಂದಿಯಲ್ಲಿ ಸಕ್ಕರೆಯಂಥ ಗಾಜಿನ ಪುಡಿ ಬೇರೆ.

“ಕಲ್ಲು ನಿಮ್ಮ ಕಾರೊಳಗೇ ಕೂತು ಪ್ರಯಾಣ ಮಾಡ್ತಿತ್ತಾ ಸರ್?” ಅಂದೆ.

ಅವರು ನಗಲಿಲ್ಲ. ನನ್ನ ಸ್ಟೂಲಿನ ಮೇಲೆ ಕೂತು, ಕೈಯಲ್ಲಿದ್ದ ಕಾರಿನ ಕೀಲಿಯನ್ನೇ ನೋಡುತ್ತ ಎಲ್ಲ ಹೇಳಿದರು.

ಅವರ ತಂದೆ ಮೂವತ್ನಾಲ್ಕು ವರ್ಷ ನಗರದ ಬಸ್ಸು ಓಡಿಸಿದವರು. ಒಂದೇ ಒಂದು ಅಪಘಾತವಿಲ್ಲ. ಎರಡು ವರ್ಷದಿಂದ ಮರೆವು. ಊಟ ಮಾಡಿ ಎದ್ದವರು ಊಟಕ್ಕೆ ಕರೆಯಲಿಲ್ಲವೆಂದು ಸಿಟ್ಟು ಮಾಡಿಕೊಳ್ಳುತ್ತಾರೆ, ಬಚ್ಚಲಿಗೆ ಹೋದವರು ದಾರಿ ತಪ್ಪುತ್ತಾರೆ. ಆದರೆ ದಿನಾ ಸಂಜೆ ಅರ್ಧ ಗಂಟೆ ಮಗ ಅಂಗಡಿಗೆ ಬಾಗಿಲೆಳೆದು ಅವರನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿಕೊಂಡು ಬರುತ್ತಾರೆ. ಆಗ ಮುದುಕರಿಗೆ ಎಲ್ಲ ನೆನಪು. ಎಲ್ಲಿ ಹಂಪ್ ಇದೆ, ಎಲ್ಲಿ ರಸ್ತೆ ಕಿರಿದಾಗುತ್ತದೆ, ಯಾವ ತಿರುವಿನಲ್ಲಿ ಗೇರ್ ಇಳಿಸಬೇಕು, ಒಂದೂ ತಪ್ಪದೆ ಹೇಳುತ್ತಾರೆ.

“ಆ ಅರ್ಧ ಗಂಟೆ ಅವರು ನಮ್ಮಪ್ಪ ಆಗಿರ್ತಾರೆ. ಮಿಕ್ಕ ಹೊತ್ತು ಯಾರೋ” ಅಂದರು.

ಮಂಗಳವಾರ ಸಂಜೆ ಒಬ್ಬ ಹೆಂಗಸು ಫೋನ್ ನೋಡಿಕೊಂಡು ರಸ್ತೆಗಿಳಿದಳು. ಇವರು ಆಗಲೇ ಬ್ರೇಕಿನ ಮೇಲೆ ಕಾಲಿಟ್ಟಿದ್ದರು. ಪಕ್ಕದಲ್ಲಿ ತಂದೆಯ ಕೈಗಳು ಗಾಳಿಯಲ್ಲಿ ಏನನ್ನೋ ಹುಡುಕಿದವು. ಸ್ಟೀರಿಂಗೂ ಸಿಗಲಿಲ್ಲ, ಹಾರನ್ನೂ ಸಿಗಲಿಲ್ಲ. ಮಡಿಲಲ್ಲಿದ್ದ ಸ್ಟೀಲಿನ ಫ್ಲಾಸ್ಕನ್ನೇ ಎತ್ತಿ ಗಾಜಿಗೆ ಬಡಿದರು. “ಹಾರನ್ ಸಿಗಲಿಲ್ಲ ಕಣೋ” ಅಂದರಂತೆ. ಮನೆ ಮುಟ್ಟುವಷ್ಟರಲ್ಲಿ ಅದನ್ನೂ ಮರೆತರು.

“ಕಲ್ಲು ಅಂತ ಯಾಕೆ ಹೇಳ್ಬೇಕು?” ಎಂದು ಕೇಳಿದೆ.

“ಹೋದ ತಿಂಗಳು ಓಡ್ತಿರೋ ಕಾರಿನ ಬಾಗಿಲು ತೆಗೆದುಬಿಟ್ಟಿದ್ರು, ಟೈರ್ ನೋಡ್ಬೇಕು ಅಂತ. ನನ್ನ ಹೆಂಡ್ತಿ ಹಿಂದೆ ಕೂತಿದ್ಳು, ಅಂಗಿ ಹಿಡಿದೆಳೆದು ಉಳಿಸಿದ್ಳು. ಇನ್ನೊಂದು ಸಲ ಏನಾದ್ರೂ ಆದ್ರೆ ಮಾವ ಮುಂದೆ ಕೂರೋ ಹಾಗಿಲ್ಲ ಅಂದಿದ್ದಾಳೆ. ಅವಳದ್ದೂ ತಪ್ಪಲ್ಲ. ಆದ್ರೆ ಹಿಂದೆ ಕೂತ್ರೆ ಅವರಿಗೆ ರಸ್ತೆ ಕಾಣಲ್ಲ. ರಸ್ತೆ ಕಾಣದಿದ್ರೆ...” ಸ್ಟೂಲಿನಿಂದ ಎದ್ದರು. “ಬೇಗ ಬದಲಾಯಿಸಿಬಿಡಿ. ಯಾರಿಗೂ ಹೇಳ್ಬೇಡಿ.”

ಹೇಳುವುದಿಲ್ಲ ಅಂದೆ. ಮನಸ್ಸಿನಿಂದಲೇ ಅಂದೆ. ಆ ಮಾದರಿಯ ಗಾಜು ಗೋದಾಮಿನಿಂದ ಬರಬೇಕಿತ್ತು, ಸೋಮವಾರ ಸಂಜೆ ಬನ್ನಿ ಎಂದು ಕಳಿಸಿದೆ.

ಅವರು ಮಾಡಿದ ತಪ್ಪೆಂದರೆ, ನನ್ನ ಹತ್ತಿರ ಬರುವ ಮೊದಲು ಆ ಒಡಕಿನ ಫೋಟೋ ತೆಗೆದು, ಗಾಜು ಎಲ್ಲಿ ಹಾಕಿಸಿದರೆ ಒಳ್ಳೆಯದೆಂದು ಆ ಮಾದರಿಯ ಕಾರಿನವರ ಫೋನ್ ಗುಂಪಿನಲ್ಲಿ ಕೇಳಿದ್ದು. ಇನ್ನೂರು ಜನರ ಗುಂಪು ಅದು. ಕೆಲಸವಿಲ್ಲದವರು ಅದರಲ್ಲಿ ಮಾತಾಡುತ್ತಾರೆ, ಕೆಲಸವಿರುವವರು ಅದನ್ನು ಓದುತ್ತ ಕೆಲಸ ಕೆಡಿಸಿಕೊಳ್ಳುತ್ತಾರೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಂದೇ ಮಾದರಿಯ ಮೂರು ಬಿಳಿ ಕಾರುಗಳು ನನ್ನ ಶೆಡ್ಡಿನ ಮುಂದೆ ಸಾಲಾಗಿ ನಿಂತವು. ಮೊದಲನೆಯದರಿಂದ ಇಳಿದವರು ಆ ಗುಂಪಿನ ಮುಖಂಡರು, ನಿವೃತ್ತ ಕಟ್ಟಡ ಗುತ್ತಿಗೆದಾರರು. ಯಾವ ಮಾತೆತ್ತಿದರೂ ತಗಡಿನ ದಪ್ಪಕ್ಕೆ, ಅಂದರೆ ಗೇಜಿಗೆ, ತಂದು ನಿಲ್ಲಿಸುವುದರಿಂದ ಅವರಿಗೆ ಗೇಜ್ ಸಾಹೇಬರೆಂದೇ ಹೆಸರು. ಎರಡನೆಯದರಿಂದ ಹಲ್ಲಿನ ಡಾಕ್ಟರು ಇಳಿದರು. ಮೂರನೆಯದು ಔಷಧಿ ಅಂಗಡಿಯವರದು. ಹೆಂಡತಿಯ ಅಕ್ಕನ ಮನೆಗೆಂದು ಹೊರಟಿದ್ದವರನ್ನು ಗೇಜ್ ಸಾಹೇಬರು ಫೋನ್ ಮಾಡಿ ಎಳೆದು ತಂದಿದ್ದರು. ಮುಂದಿನ ಸೀಟಿನಲ್ಲಿ ತಂದೆ ಬೆನ್ನು ನೆಟ್ಟಗೆ ಮಾಡಿ ರಸ್ತೆ ನೋಡುತ್ತ ಕೂತಿದ್ದರು, ಹಿಂದೆ ಸೊಸೆ.

ಗೇಜ್ ಸಾಹೇಬರ ಕೈಯಲ್ಲಿ ಕಂಪನಿಗೆ ಬರೆದ ಪತ್ರವಿತ್ತು. ಮೂರು ಕಾರಿನ ಗಾಜೂ ಯಾವ ಪೆಟ್ಟೂ ಬೀಳದೆ ತಾವಾಗಿಯೇ ಒಡೆದಿವೆ, ಇದು ಕಳಪೆ ತಯಾರಿಕೆಯ ಫಲ ಎಂದು ಅದರಲ್ಲಿತ್ತು. ಅನುಭವಸ್ಥನೆಂದು ನಾನು ಕೆಳಗೆ ಸಹಿ ಹಾಕಬೇಕಂತೆ.

“ಬಾಡಿ ನೋಡಿ ಇದರದ್ದು, ಬಿಸ್ಕತ್ ಡಬ್ಬ!” ಎಂದು ಬಾನೆಟ್ಟಿಗೆ ಎರಡು ಬಾರಿಸಿದರು. “ನನ್ನ ಹಳೇ ಕಾರು ಒಂದ್ಸಲ ಕಾಂಪೌಂಡಿಗೆ ಗುದ್ದಿತ್ತು. ಗೋಡೆ ಬಿತ್ತು, ಕಾರಿಗೆ ಒಂದು ಗೀರೂ ಆಗ್ಲಿಲ್ಲ.”

“ನಿಮಗೆ?” ಎಂದರು ಡಾಕ್ಟರು.

“ನನಗೇನು, ಎರಡು ಪಕ್ಕೆಲುಬು.”

“ಅದೇ ಮತ್ತೆ. ಈಗಿನ ಕಾರು ತಾನು ಮುದುಡಿಕೊಂಡು ನಮ್ಮನ್ನ ಉಳಿಸುತ್ತೆ. ಅದಕ್ಕೇ ಹಾಗೆ ಮಾಡಿರೋದು.”

“ಮುದುಡೋಕೆ ಅದೇನು ಛತ್ರಿನಾ? ಬಾಡಿ ಬಲವಾಗಿದ್ರೆ ಗಾಜು ಯಾಕೆ ಸೀಳುತ್ತೆ ಹೇಳಿ. ಹಂಪ್ ಹತ್ತಿದ್ರೆ ಸಾಕು, ಚೌಕಟ್ಟೇ ತಿರುಚಿಕೊಳ್ಳುತ್ತೆ.”

ಡಾಕ್ಟರು ಒಪ್ಪಲಿಲ್ಲ. ಗಾಜೇ ತೆಳುವಾಗಿದೆ, ಬಾಡಿಯ ತಪ್ಪಿಲ್ಲ ಎಂಬುದು ಅವರ ವಾದ. ಅಭ್ಯಾಸಬಲದಿಂದ ಗಾಜನ್ನು ಪೆನ್ನಿನ ತುದಿಯಿಂದ ಕುಟ್ಟಿ ಕುಟ್ಟಿ ನೋಡಿದರು. ನೋಯುತ್ತಿದೆಯಾ ಎಂದು ಕೇಳುವುದೊಂದು ಬಾಕಿ. ಇಬ್ಬರೂ ಕಾಲು ಗಂಟೆ ಹಾಗೆ ಎಳೆದಾಡಿದರು. ಕಂಪನಿಯವರು ಮೋಸಗಾರರು ಅನ್ನುವುದೊಂದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು.

ನಾನು ಮೂರೂ ಗಾಜು ನೋಡಿದೆ. ಡಾಕ್ಟರದ್ದು ಹೊರಗಿನ ಕಲ್ಲೇಟು, ಅಕ್ಕಿಕಾಳಿನಷ್ಟು ಗುಳಿ ಬಿದ್ದಿತ್ತು. ಗೇಜ್ ಸಾಹೇಬರದ್ದು ಕೆಳಗಿನ ಮೂಲೆಯಿಂದ ಹೊರಟ ಉದ್ದ ಗೆರೆ. ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಲ್ಲಿಸಿ, ಬಂದವರೇ ಎ.ಸಿ. ಪೂರ್ತಿ ತಿರುಗಿಸಿದರೆ ಹಾಗಾಗುತ್ತದೆ. ಚೌಕಟ್ಟಿನಿಂದಲೂ ಆಗಬಹುದು, ಅಷ್ಟರಮಟ್ಟಿಗೆ ಅವರ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಮೂರನೆಯದರ ಹೊರಮೈಯನ್ನು ಸುಮ್ಮನೆ ಸವರಿದೆ.

“ಇದೇ ನಮ್ಮ ಮುಖ್ಯ ಸಾಕ್ಷಿ” ಎಂದರು ಗೇಜ್ ಸಾಹೇಬರು. “ಕೈ ಆಡಿಸಿ ನೋಡಿ, ಎಷ್ಟು ನುಣ್ಣಗಿದೆ. ಕಲ್ಲೂ ಇಲ್ಲ, ಗಿಲ್ಲೂ ಇಲ್ಲ. ತಾನಾಗೇ ಒಡೆದಿದೆ!”

“ಕಲ್ಲೇ ಇರ್ಬೇಕು ಸರ್” ಎಂದರು ಔಷಧಿ ಅಂಗಡಿಯವರು, ಕಾರಿನ ಕಡೆ ನೋಡದೆ.

“ನೀವು ಸುಮ್ನಿರಿ, ನಿಮಗೆ ಹೋರಾಟ ಗೊತ್ತಿಲ್ಲ.” ನನ್ನ ಕಡೆ ಪೆನ್ನು ಚಾಚಿದರು. “ಹಾಕಿ ಸಹಿ.”

“ಹಾಕಲ್ಲ” ಎಂದೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ನನಗೆ ಓದು ಬರುವುದಿಲ್ಲ ಅಂದಿದ್ದರೂ ಮುಗಿಯುತ್ತಿತ್ತು.

“ಯಾಕೆ?”

“ನಿಜ ಅಲ್ಲ, ಅದಕ್ಕೆ.”

ಗೇಜ್ ಸಾಹೇಬರು ಡಾಕ್ಟರ ಕಡೆ ತಿರುಗಿ ನಕ್ಕರು. “ನಾನು ಆಗ್ಲೇ ಹೇಳಿರ್ಲಿಲ್ವಾ? ಪಾಪ, ಇವರೇನು, ಅಂಟು ಹಚ್ಚಿ ಕೂರಿಸೋರು. ಗಾಜು ಯಾಕೆ ಒಡೆಯುತ್ತೆ ಅನ್ನೋದೆಲ್ಲ ಇವರಿಗೆ ಎಲ್ಲಿ ಅರ್ಥ ಆಗ್ಬೇಕು.”

ಆ ‘ಪಾಪ’ ಅನ್ನುವ ಮಾತು ನನ್ನ ನೆತ್ತಿಗೇರಿತು. ಮೂವತ್ತೊಂದು ವರ್ಷ ಒಂದೇ ಸಲ ನಾಲಿಗೆಯ ತುದಿಗೆ ಬಂದು ನಿಂತವು.

“ಹೊರಗಡೆ ಸವರಿದ್ರೆ ಏನು ಗೊತ್ತಾಗುತ್ತೆ ಸ್ವಾಮಿ? ಒಳಗಡೆ ಉಗುರು ಓಡಿಸಿ ನೋಡಿ. ಇದು ಒಳಗಿಂದ ಬಿದ್ದ ಏಟು. ಕಾರಲ್ಲಿ ಕೂತವರೇ ಯಾರೋ ಬಡಿದಿದ್ದಾರೆ!”

ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಔಷಧಿ ಅಂಗಡಿಯವರು ನನ್ನತ್ತ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಕಾರಿನ ಕಿಟಕಿಗಳೆಲ್ಲ ತೆರೆದೇ ಇದ್ದವು. ಸೊಸೆ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, ಕೈ ಚಾಚಿ, ಗಾಜಿನ ಒಳಮೈಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

“ಕಲ್ಲು ಅಂದ್ರಲ್ಲ” ಎಂದಳು. ಜಗಳದ ದನಿಯಲ್ಲ, ಬರೀ ಸುಸ್ತಾದವಳ ದನಿ.

“ಒಳಗಿಂದ ಯಾರು ಹೊಡೀತಾರ್ರೀ?” ಎಂದರು ಗೇಜ್ ಸಾಹೇಬರು. ಅವರಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ.

ಮುದುಕರು ಅಷ್ಟು ಹೊತ್ತೂ ರಸ್ತೆಯನ್ನೇ ನೋಡುತ್ತಿದ್ದರು. ಈಗ ಆ ಒಡಕಿನ ಮೇಲೆ ಅಂಗೈ ಇಟ್ಟರು, ತಮ್ಮ ಕೈಯನ್ನು ನೋಡಿಕೊಂಡರು, ಮತ್ತೆ ಒಡಕನ್ನು ನೋಡಿದರು. ಅವರಿಗೆ ನೆನಪಾಯಿತೋ, ತಾವು ಕೂತ ಜಾಗ ನೋಡಿ ಲೆಕ್ಕ ಹಾಕಿದರೋ ಹೇಳಲಾರೆ. ಬೆಲ್ಟು ಬಿಚ್ಚಿ ನಿಧಾನವಾಗಿ ಕೆಳಗಿಳಿದರು.

“ನಾನೇ ಹೊಡೆದದ್ದು” ಎಂದರು. “ಹಾರನ್ ಸಿಗಲಿಲ್ಲ.”

“ಇಲ್ಲಪ್ಪ, ಅದು ಕಲ್ಲು...” ಎಂದರು ಮಗ.

“ಸುಮ್ನಿರೋ. ಅಪ್ಪನ ಮುಂದೇನೇ ಸುಳ್ಳು ಹೇಳ್ತೀಯಾ?”

ಗದರಿದ ದನಿ ಗಟ್ಟಿಯಾಗಿತ್ತು. ಐವತ್ತು ಜನ ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಕೇಳುವ ದನಿ. ಅವರು ಕಾರನ್ನು ಹಿಡಿದುಕೊಂಡು ಎರಡು ಹೆಜ್ಜೆ ಹಿಂದಕ್ಕೆ ನಡೆದು ಹಿಂದಿನ ಬಾಗಿಲು ತೆಗೆದರು.

“ಅಪ್ಪ, ಮುಂದೆ ಬನ್ನಿ” ಎಂದರು ಮಗ.

“ಬೇಡ ಕಣೋ. ಡ್ರೈವರ್ ಪಕ್ಕ ನಿಂತು ಗಲಾಟೆ ಮಾಡೋರನ್ನ ನಾನೇ ಎಷ್ಟು ಜನಾನ ಹಿಂದಕ್ಕೆ ಕಳಿಸಿಲ್ಲ? ದೊಡ್ಡ ಮನುಷ್ಯರು, ಕೋಟು ಹಾಕ್ಕೊಂಡೋರು, ಯಾರನ್ನೂ ಬಿಟ್ಟಿಲ್ಲ.”

ಸೊಸೆ ಆ ಕಡೆ ಸರಿದು ಜಾಗ ಮಾಡಿಕೊಡಲಿಲ್ಲ. “ಪರವಾಗಿಲ್ಲ ಮಾವ, ನೀವು ಮುಂದೇನೇ ಕೂತ್ಕೊಳಿ. ನಾನು ಏನೂ ಅನ್ನಲ್ಲ” ಎಂದಳು. ಕಣ್ಣಲ್ಲಿ ನೀರಿತ್ತು.

“ನೀನು ಯಾಕಮ್ಮ ಅನ್ಬೇಕು? ನಿಯಮ ಅಂದ್ರೆ ನಿಯಮ. ಆ ಕಡೆ ಸರಿ.”

ಅವಳು ಸರಿದಳು. ಅವರು ಒಳಗೆ ಕೂತು ಬಾಗಿಲೆಳೆದುಕೊಂಡರು. ಮುಂದಿನ ಸೀಟಿನ ಎತ್ತರದ ಬೆನ್ನು ಅವರ ಕಣ್ಣ ನೇರಕ್ಕೆ ಬಂತು. ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಕತ್ತು ಚಾಚಿದರು, ಆಮೇಲೆ ಬಿಟ್ಟರು.

ಗೇಜ್ ಸಾಹೇಬರು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಡಾಕ್ಟರು ತಮ್ಮ ಕಾರಿನ ಹತ್ತಿರ ಹೋಗಿ ಏನೂ ಇಲ್ಲದ ಟೈರನ್ನು ಪರೀಕ್ಷಿಸತೊಡಗಿದರು. ಅವರನ್ನು ಬೈದು ಪ್ರಯೋಜನವಿಲ್ಲ, ಕೆಟ್ಟ ಕೆಲಸ ಮಾಡಿದವನು ನಾನು. ಕೊಟ್ಟ ಮಾತನ್ನು ಮೂರೇ ದಿನದಲ್ಲಿ, ಒಂದು ‘ಪಾಪ’ಕ್ಕೋಸ್ಕರ ಮುರಿದೆ. ಡ್ರೈವರ್ ಕಿಟಕಿಯ ಹತ್ತಿರ ಹೋಗಿ ನಿಂತೆ.

“ಸರ್, ನನ್ನ ಬಾಯಿಗಿಷ್ಟು...” ಎಂದೆ.

ಔಷಧಿ ಅಂಗಡಿಯವರು ಬೆಲ್ಟು ಹಾಕಿಕೊಳ್ಳುತ್ತಿದ್ದರು. “ನಾಳೆ ಸಂಜೆ ತರ್ತೀನಿ” ಎಂದಷ್ಟೇ ಹೇಳಿ ಕೀಲಿ ತಿರುಗಿಸಿದರು.

ಅಷ್ಟರಲ್ಲಿ ಮುದುಕರು ಮುಂದಿನ ಸೀಟನ್ನು ಹಿಡಿದು ಬಾಗಿ ಮಗನ ಹೆಗಲನ್ನು ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಗದರಿದ ದನಿ ಎಲ್ಲೂ ಇರಲಿಲ್ಲ. ಗೊತ್ತಿಲ್ಲದವರ ಹತ್ತಿರ ಸಂಕೋಚದಿಂದ ಕೇಳುವ ದನಿ.

“ಡ್ರೈವರೇ, ನಾನು ಎಲ್ಲಿ ಇಳೀಬೇಕು ಅಂತ ಗೊತ್ತಾಗ್ತಿಲ್ಲ. ಸ್ಟಾಪ್ ಬಂದಾಗ ನೀವೇ ಸ್ವಲ್ಪ ಹೇಳಿಬಿಡ್ತೀರಾ?”

ಮಗ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದರು.

“ಹೇಳ್ತೀನಿ” ಎಂದರು. “ನೀವು ಆರಾಮಾಗಿ ಕೂತ್ಕೊಳಿ.”