ನುಣುಪು ಗುಡ್ಡ

ವರ್ಲಿನ್ ಬುಲ್ಡೋಜರ್ ಓಡಿಸಿ ಮುಗಿಸಿದ ಗುಡ್ಡದ ಮೇಲೆ ಚಾಪೆಯಿಲ್ಲದೆ ಮಲಗಬಹುದು ಎಂದು ಊರೆಲ್ಲ ಹೇಳುತ್ತಿತ್ತು. ಕೆಂಟಕಿಯ ಆ ಮೂಲೆಯಲ್ಲಿ ಕಲ್ಲಿದ್ದಲು ತೆಗೆದ ಮೇಲೆ ಗುಡ್ಡವನ್ನು ಮತ್ತೆ ಕಟ್ಟಿ, ಒತ್ತಿ, ಇಸ್ತ್ರಿ ಹಾಕಿದಂತೆ ಮಾಡಿ ಹುಲ್ಲು ಬಿತ್ತುವುದೇ ಮರ್ಯಾದೆ. ಒಂದು ಹೆಂಟೆ ಎದ್ದು ಕಂಡರೂ ಡ್ರೈವರನ ಮಾನ ಹೋಯಿತು. ಭಾನುವಾರ ಚರ್ಚು ಬಿಟ್ಟ ಮೇಲೆ ಗಂಡಸರು ಯಾರ ಇಳಿಜಾರು ಎಷ್ಟು ನುಣುಪು ಎಂದು ಜಗಳಕ್ಕೇ ನಿಲ್ಲುತ್ತಿದ್ದರು.

ವರ್ಲಿನ್‌ನ ಅಕ್ಕನ ಮಗಳು ಗಾರ್ನೆಟ್, ಅವನು ದುಡಿಯುವ ಗಣಿ ಕಂಪನಿಯಲ್ಲೇ ಎಂಜಿನಿಯರ್. ಗುಡ್ಡದಿಂದ ಮಳೆನೀರಿನ ಜತೆ ಇಳಿದು ಬರುವ ಕೆಸರನ್ನು ತಡೆದು ಕೂರಿಸುವ ಕೊಳಗಳ ನಕ್ಷೆ ಮಾಡುವುದು ಅವಳ ಕೆಲಸ. ಈ ಗುಡ್ಡದ ಕೊಳ ಉಕ್ಕಿ ಕಟ್ಟೆ ಒಡೆದರೆ ಕೆಳಗಿನ ಕಣಿವೆಯಲ್ಲಿ ಮೊದಲು ಕೊಚ್ಚಿ ಹೋಗುವುದು ಅವಳ ಮಾವ ವರ್ಲಿನ್‌ನ ಮನೆಯೇ.

ಮ್ಯಾನೇಜರ್ ಡ್ವೈಟ್ ಆ ಕೊಳದ ನಕ್ಷೆ ಹಿಡಿದು ಗಾರ್ನೆಟ್ ಇದ್ದಲ್ಲಿಗೆ ಗುಡ್ಡ ಹತ್ತಿ ಬಂದ.

"ಏನಮ್ಮ ಇದು, ಕೊಳಾನಾ ಸಮುದ್ರಾನಾ? ಅರ್ಧ ಮಾಡು. ಹುಲ್ಲುಗಾವಲು ಅಂತ ಲೆಕ್ಕ ಹಿಡಿ, ಎಲ್ರೂ ಹಂಗೇ ಹಿಡೀತಾರೆ."

"ಹುಲ್ಲುಗಾವಲು ನೀರು ಕುಡಿಯುತ್ತೆ ಸಾರ್. ಇದು ಕುಡಿಯಲ್ಲ."

"ಹಸಿರಾಗಿದೆಯಲ್ಲ!"

"ಹಸಿರು ಬಣ್ಣ ಬಳಿದ ತಗಡೂ ಹಸಿರಾಗೇ ಇರುತ್ತೆ."

ಗಾರ್ನೆಟ್ ತನ್ನ ಗಾಡಿಯಲ್ಲಿದ್ದ ನೀರಿನ ಕ್ಯಾನು ತಂದು ಇಳಿಜಾರಿಗೆ ಸುರಿದಳು. ಒಂದು ತೊಟ್ಟೂ ಇಂಗಲಿಲ್ಲ. ನೀರು ನೆಟ್ಟಗೆ ಹರಿದು ಡ್ವೈಟನ ಹೊಸ ಬೂಟು ತೊಳೆಯಿತು. ಬುಲ್ಡೋಜರಿನ ಪಕ್ಕ ಕೂತು ಬೀನ್ಸು, ಜೋಳದ ರೊಟ್ಟಿ ತಿನ್ನುತ್ತಿದ್ದ ವರ್ಲಿನ್ ಗಹಗಹಿಸಿ ನಕ್ಕ. ಆಮೇಲೆ, ಅದು ತಾನು ಮಾಡಿದ ನೆಲ ಎಂದು ಹೊಳೆದು ಅವನ ಮುಖ ಗಂಟಿಕ್ಕಿತು.

"ಏನೇ, ನನ್ ಕೆಲ್ಸಕ್ಕೇ ಕೊಂಕು ತೆಗೀತೀಯಾ?"

"ನಿನ್ ಕೆಲ್ಸ ಅತಿ ಚೆನ್ನಾಗಿದೆ ಮಾವ, ಅದೇ ತೊಂದ್ರೆ. ಇಷ್ಟು ಗಟ್ಟಿ ಒತ್ತಿದ್ರೆ ನೀರು ಎಲ್ಲಿ ಇಳೀಬೇಕು? ಬೇರಿಗೂ ದಾರಿ ಇಲ್ಲ. ಸಾರ್, ಒಂದೋ ಕೊಳ ದೊಡ್ಡದು ಮಾಡಿ, ಇಲ್ಲ ಗುಡ್ಡಾನ ಸೀಳಿ ಸಡಿಲ ಮಾಡ್ಸಿ."

"ಎರಡೂ ಆಗಲ್ಲ. ಊಟದ ಹೊತ್ತು ಕಳೆದ್ರೆ ಗಣಿ ನೋಡೋಕೆ ಸರ್ಕಾರದ ಇನ್‌ಸ್ಪೆಕ್ಟರಮ್ಮ ಬರ್ತಾರೆ. ಅಷ್ಟರಲ್ಲಿ ಸಣ್ಣ ಕೊಳದ ನಕ್ಷೆಗೆ ನಿನ್ ಮೊಹರು ಬೀಳ್ಬೇಕು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ. ಮೊಹರು ಒತ್ತೋರು ಬೇಕಾದಷ್ಟು ಜನ ಇದಾರೆ."

ಗಾರ್ನೆಟ್‌ಗೆ ಭಯವಾಯಿತು. ಆ ಸೀಮೆಯಲ್ಲಿ ಕಲ್ಲಿದ್ದಲು ಬಿಟ್ಟರೆ ಅನ್ನದ ದಾರಿಯಿಲ್ಲ. ಒಬ್ಬ ಧಣಿ ಹೊರಹಾಕಿದವರನ್ನು ಇನ್ನೊಬ್ಬ ಕರೆಯುವುದಿಲ್ಲ. ಆದರೆ ಭಯಕ್ಕಿಂತ ಸಿಟ್ಟೇ ಒಂದು ಕೈ ಮೇಲಾಗಿತ್ತು.

"ಅವರ ಕೈಲೇ ಒತ್ತಿಸ್ಕೊಳ್ಳಿ. ನಾನು ಒತ್ತಲ್ಲ."

ಡ್ವೈಟ್ ಧುಮುಗುಟ್ಟುತ್ತ ಆಫೀಸಿಗೆ ಇಳಿದು ಹೋದ. ಗಾರ್ನೆಟ್ ಸೀದಾ ಬುಲ್ಡೋಜರ್ ಹತ್ತಿ ಕೂತಳು.

"ಇಳಿಯೇ ಕೆಳಗೆ!" ವರ್ಲಿನ್ ಕೂಗಿದ.

"ಇಳಿಯಲ್ಲ. ನಾನೇ ಸೀಳ್ತೀನಿ. ನಿನ್ ಮನೆ ಮುಳುಗಿಸೋಕೆ ನನ್ ಕೈಲಿ ನಕ್ಷೆ ಕೇಳ್ತಾರೆ, ನೀನು ಗುಡ್ಡದ ಅಂದ ನೋಡ್ಕೊಂಡು ಕೂತಿದೀಯ!"

ವರ್ಲಿನ್ ಕಣಿವೆಯತ್ತ ನೋಡಿದ. ಅಲ್ಲಿ ಅವನ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಆಮೇಲೆ ತನ್ನ ಗುಡ್ಡವನ್ನು, ತೀರಿಹೋದವರನ್ನು ನೋಡುವ ಹಾಗೆ ನೋಡಿದ.

"ಆಚೆ ಸರ್ಕೊ. ನಿನ್ ಕೈಗೆ ಕೊಟ್ರೆ ಯಂತ್ರಾನೇ ಮಗುಚ್ತೀಯ."

ಬುಲ್ಡೋಜರಿನ ಹಿಂದಿನ ಕಬ್ಬಿಣದ ಹಲ್ಲು ನೆಲಕ್ಕಿಳಿಯಿತು. ಹುಲ್ಲು ಹರಿಯಿತು, ಕಲ್ಲು ಮೇಲೆದ್ದಿತು. ವರ್ಲಿನ್ ಬಾಯಿಗೆ ಬಂದಂತೆ ಬೈಯುತ್ತ, ಅಳುತ್ತ, ತನ್ನ ಜೀವಮಾನದ ಅತ್ಯಂತ ಚಂದದ ಕೆಲಸವನ್ನು ಸೀಳಿ ಹಾಕಿದ.

ಡ್ವೈಟ್ ಇನ್‌ಸ್ಪೆಕ್ಟರಮ್ಮನನ್ನು ಕರೆದುಕೊಂಡು ಗುಡ್ಡ ಹತ್ತಿ ಬಂದ.

"ಯಾರು ಮಾಡಿದ್ದು ಇದು?" ಆಕೆ ಕೇಳಿದಳು.

"ನಾನು ಮಾಡ್ಸಿದ್ದು," ಎಂದಳು ಗಾರ್ನೆಟ್. "ಸೀಳೋಕ್ ಮುಂಚೆ ಇದು ಹುಲ್ಲುಗಾವಲಾಗಿರ್ಲಿಲ್ಲ, ಬಂಡೆ ಆಗಿತ್ತು. ಅದನ್ನ ಮುಚ್ಚಿಟ್ಟು ಸಣ್ಣ ಕೊಳಕ್ಕೆ ಮೊಹರು ಒತ್ತು ಅಂದ್ರು. ಒತ್ಲಿಲ್ಲ. ಇದನ್ನೂ ಬರ್ಕೊಳ್ಳಿ."

"ತೊಲಗಿ ಇಬ್ರೂ!" ಡ್ವೈಟ್ ಕಿರುಚಿದ.

ವರ್ಲಿನ್ ಯಂತ್ರ ಆರಿಸಿ ಇಳಿದು ಬಂದು ಇನ್‌ಸ್ಪೆಕ್ಟರಮ್ಮನ ಎದುರು ಟೋಪಿ ತೆಗೆದ.

"ತೊಲಗ್ತೀವಿ. ಅದಕ್ಕೆ ಮುಂಚೆ ನನ್ ಜತೆ ಬನ್ನಿ ತಾಯಿ. ಆ ಆಚೆ ಗುಡ್ಡಾನೂ ನಾನೇ ನುಣುಪು ಮಾಡಿದ್ದು. ಅದರ ಕೆಳಗೆ ಸ್ಕೂಲಿದೆ."